ತೊಟ್ಟಿಲಿನ ನೆನಪು ಯಾರದು?

ಪತ್ರ: ಖ್ಯಾತರು ಅತಿಥಿಗಳಾಗಿ ಬರುವ ನಿಮ್ಮ ‘ಮೊದಲ ನೆನಪು, ಮೊದಲ ಅನುಭವ’ ಅಂಕಣವನ್ನು ತಪ್ಪದೆ ಓದುತ್ತೇನೆ. ಹಾಡುವವರಿಗೆಲ್ಲ ತೊಟ್ಟಿಲಲ್ಲೇ ಶ್ರುತಿ ಕೇಳಿಸಿರುತ್ತದೆ, ನಟರೆಲ್ಲ ಅಂಬೆಗಾಲಿಡುವಾಗಲೇ ಕನ್ನಡಿ ಹುಡುಕಿರುತ್ತಾರೆ. ಒಂದು ವರ್ಷದ ಕೂಸಿಗೆ ಇದೆಲ್ಲ ನೆನಪಿರುತ್ತದೆಯೇ? ನನಗಂತೂ ಆರು ವರ್ಷಕ್ಕೆ ಹಿಂದಿನದು ಒಂದೂ ನೆನಪಿಲ್ಲ. ಕೊರತೆ ನನ್ನದೋ, ಸುಳ್ಳು ಅವರದೋ? ಸುಳ್ಳೇ ಆದರೆ ಅಂಕಣ ನಿಲ್ಲಿಸಿಬಿಡಿ.
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ: ಮೊದಲು ನಿಮ್ಮ ಕೊರತೆಯ ಮಾತು. ಅದು ಕೊರತೆಯೇ ಅಲ್ಲ. ದೊಡ್ಡವರನ್ನು ಕೇಳಿದಾಗ ಮೊದಲ ನೆನಪಿನ ವಯಸ್ಸು ಸರಾಸರಿ ಮೂರರಿಂದ ಮೂರೂವರೆ ವರ್ಷ ಎಂದು ಬರುತ್ತದೆ ನಿಜ. ಆದರೆ ಸರಾಸರಿಯ ಆಚೆ ಈಚೆ ಬಹಳ ಜನ ಇದ್ದಾರೆ. 2000ದಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮೊದಲ ನೆನಪು ಮೂರು ತುಂಬುವ ಮೊದಲಿನದ್ದಾಗಿತ್ತು. ಏಷ್ಯಾ ಮೂಲದವರದು ಐದರ ಹತ್ತಿರದ್ದು. ಇದರಲ್ಲಿ ಜಾಣತನದ ಲೆಕ್ಕವೇನೂ ಇಲ್ಲ. ಹಿಂದಿನದನ್ನು ಎಳೆಎಳೆಯಾಗಿ ಮಕ್ಕಳ ಜೊತೆ ಮಾತಾಡುವ ಮನೆಗಳಲ್ಲಿ ನೆನಪು ಬೇಗ ಬೇರೂರುತ್ತದೆ ಎಂಬುದು ಸಂಶೋಧಕರು ಕೊಡುವ ಕಾರಣಗಳಲ್ಲಿ ಒಂದು. ನಿಮ್ಮ ಮನೆಯವರು ಮಿತಭಾಷಿಗಳಾಗಿದ್ದಿರಬಹುದು, ಅಷ್ಟೆ.

ಹಾಗಾದರೆ ತೊಟ್ಟಿಲಿನ ನೆನಪುಗಳು? 2018ರಲ್ಲಿ ಬ್ರಿಟನ್ನಿನ ಸಂಶೋಧಕರು 6,641 ಜನರ ಮೊದಲ ನೆನಪುಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಲ್ಲಿ ಶೇ. 38.6ರಷ್ಟು ಮಂದಿ ತಮ್ಮ ನೆನಪು ಎರಡು ವರ್ಷದ್ದು ಅಥವಾ ಅದಕ್ಕೂ ಹಿಂದಿನದು ಎಂದರು. 893 ಮಂದಿ ಒಂದು ವರ್ಷ ಅಥವಾ ಅದಕ್ಕೂ ಕೆಳಗೆ ಹೋದರು. ಅಂದರೆ ಇದು ಖ್ಯಾತರಿಗಷ್ಟೇ ಇರುವ ಚಾಳಿಯಲ್ಲ. ಅಷ್ಟು ಎಳೆಯ ಮಿದುಳಿನಲ್ಲಿ ಘಟನೆಗಳನ್ನು ಹಿಡಿದಿಡುವ ಹಿಪೊಕ್ಯಾಂಪಸ್ ಇನ್ನೂ ಬೆಳೆಯುತ್ತಲೇ ಇರುತ್ತದೆ, ಕಂಡದ್ದನ್ನು ಕಥೆಯಾಗಿ ಕಟ್ಟುವಷ್ಟು ಮಾತು ಬಂದಿರುವುದಿಲ್ಲ. ಹಾಗಾಗಿ ಈ ನೆನಪುಗಳಲ್ಲಿ ಹೆಚ್ಚಿನವು ಫೋಟೋ ನೋಡಿ, ಮನೆಯವರ ಮಾತು ಕೇಳಿ ಆಮೇಲೆ ರೂಪುಗೊಂಡವು ಎಂದು ಸಂಶೋಧಕರು ಭಾವಿಸುತ್ತಾರೆ.

ಹಾಗೆಂದು ಹೇಳುವವರು ಸುಳ್ಳುಗಾರರಲ್ಲ. ಇಲ್ಲಿ ಝಾನ್ ಪಿಯಾಜೆಯ ಕಥೆ ಹೇಳಲೇಬೇಕು. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ಜಗತ್ತಿಗೇ ಕಲಿಸಿದ ಸ್ವಿಸ್ ಮನೋವಿಜ್ಞಾನಿ ಆತ. ಅವನ ಮೊದಲ ನೆನಪು ಎರಡು ವರ್ಷದ ಸುಮಾರಿನದು. ಪ್ಯಾರಿಸ್ಸಿನ ಶಾನ್ಸ್ ಎಲಿಸೆಯಲ್ಲಿ ಆಯಾ ಅವನನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುತ್ತಿದ್ದಾಗ ಒಬ್ಬಾತ ಮಗುವನ್ನು ಕದಿಯಲು ಬಂದ. ಮಗುವನ್ನು ಪಟ್ಟಿಯಿಂದ ಗಾಡಿಗೆ ಬಿಗಿದಿತ್ತು, ಆಯಾ ಅಡ್ಡ ನಿಂತಳು, ಅವಳ ಮುಖಕ್ಕೆ ಪರಚಿದ ಗಾಯವಾಯಿತು. ಜನ ಸೇರಿದರು, ಗಿಡ್ಡ ನಿಲುವಂಗಿ ತೊಟ್ಟು ಬಿಳಿ ಲಾಠಿ ಹಿಡಿದ ಪೊಲೀಸ್ ಬಂದ, ಕಳ್ಳ ಓಡಿದ. ಪಿಯಾಜೆಗೆ ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವನಿಗೆ ಹದಿನೈದು ವರ್ಷವಾದಾಗ ಆ ಆಯಾ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಸೇರಿ, ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳಬೇಕೆಂದು ಅವನ ಅಪ್ಪ ಅಮ್ಮನಿಗೆ ಕಾಗದ ಬರೆದಳು. ಕಳ್ಳನೂ ಇಲ್ಲ, ಪೊಲೀಸನೂ ಇಲ್ಲ. ಕಥೆ ಕಟ್ಟಿದ್ದು, ಗಾಯ ತಾನೇ ಮಾಡಿಕೊಂಡದ್ದು. ಮೆಚ್ಚಿ ಕೊಟ್ಟಿದ್ದ ಗಡಿಯಾರವನ್ನೂ ಹಿಂದಿರುಗಿಸಿದಳು! ಮನೆಯಲ್ಲಿ ಹೇಳುತ್ತಿದ್ದ ಆ ಕಥೆಯನ್ನು ಕೇಳಿ ಕೇಳಿ, ಕಂಡದ್ದೆಂಬಂತೆ ತಾನೇ ಚಿತ್ರ ಬರೆದುಕೊಂಡಿದ್ದೆ ಎಂದು ಪಿಯಾಜೆ ಆಮೇಲೆ ವಿವರಿಸಿದ. ಆ ಕಾಗದ ಬರದೇ ಹೋಗಿದ್ದರೆ ನಮ್ಮ ಅಂಕಣಕ್ಕೆ ಅವನು ಕಳಿಸುತ್ತಿದ್ದದ್ದು ಅದೇ ಕಥೆ, ನಾವು ಹಾಕುತ್ತಿದ್ದದ್ದೂ ಅದೇ.

ಆದ್ದರಿಂದ ನಾನು ನೋಡುವುದು ನೆನಪು ಎಷ್ಟು ಹಳೆಯದು ಎಂಬುದನ್ನಲ್ಲ, ಹೇಳುವವರು ತಮ್ಮ ನೆನಪಿನ ಮೇಲೆ ಎಷ್ಟು ಅನುಮಾನ ಇಟ್ಟುಕೊಂಡಿದ್ದಾರೆ ಎಂಬುದನ್ನು. ಟಾಲ್‌ಸ್ಟಾಯ್‌ಗೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟದ್ದು, ಕೈ ಬಿಡಿಸಿಕೊಳ್ಳಲಾಗದೆ ಅತ್ತದ್ದು ನೆನಪಿತ್ತು. ಆದರೆ ಅದು ಹಾಲುಗೂಸಾಗಿದ್ದಾಗಿನದೋ, ಇನ್ನಷ್ಟು ದೊಡ್ಡವನಾದ ಮೇಲಿನದೋ, ಹಲವು ಅನುಭವಗಳು ಕನಸಿನಲ್ಲಿಯಂತೆ ಒಂದಾದದ್ದೋ ತನಗೆ ಎಂದೂ ತಿಳಿಯದು ಎಂದು ಅವನೇ ಬರೆದ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಇನ್ನೂ ಚತುರೆ. ಅಮ್ಮನ ಉಡುಪಿನ ಕಪ್ಪು ನೆಲದ ಮೇಲಿನ ಕೆಂಪು, ನೇರಳೆ ಹೂಗಳು ಅವಳ ಮೊದಲ ನೆನಪು. ಅಮ್ಮನ ತೊಡೆಯ ಮೇಲೆ ಕೂತು ಪ್ರಯಾಣ ಮಾಡುತ್ತಿದ್ದಾಗಿನದು. ಬೆಳಕನ್ನು ನೋಡಿದರೆ ಸಂಜೆ ಇದ್ದಿರಬೇಕು, ಅಂದರೆ ಲಂಡನ್ನಿಗೆ ಮರಳುವ ದಾರಿ. ಆದರೂ ಕಡಲತೀರದ ಸೇಂಟ್ ಐವ್ಸ್‌ಗೆ ಹೋಗುತ್ತಿದ್ದೆವು ಎಂದುಕೊಳ್ಳೋಣ, ಅದರಿಂದ ಅಲ್ಲಿನ ಅಲೆಗಳ ಸದ್ದಿನ ನೆನಪಿಗೆ ಜಾರುವುದು ಬರವಣಿಗೆಗೆ ಅನುಕೂಲ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾಳೆ. ನಮ್ಮ ಅತಿಥಿಗಳಲ್ಲಿ ಹಲವರು ಮಾಡುವುದೂ ಇದನ್ನೇ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಗಾಯಕರಿಗೆ ಶ್ರುತಿ, ನಟರಿಗೆ ಕನ್ನಡಿ ಎಂದು ಬರೆದಿದ್ದೀರಲ್ಲ, ಅದು ನಿಮ್ಮ ಪತ್ರದ ಗಟ್ಟಿ ಮಾತು. ಎಲ್ಲರ ಬಾಲ್ಯದಲ್ಲೂ ಚೂರುಪಾರು ನೆನಪು ಹತ್ತಾರು ಇರುತ್ತವೆ. ಹೆಸರು ಬಂದ ಮೇಲೆ ಅವುಗಳಲ್ಲಿ ಹೆಸರಿಗೆ ಒಪ್ಪುವುದೊಂದನ್ನು ಮುಂದಕ್ಕೆ ತಂದು ನಿಲ್ಲಿಸುತ್ತಾರೆ. ನಾಲ್ಕೈದು ವರ್ಷದವನಿದ್ದಾಗ ಅಪ್ಪ ತೋರಿಸಿದ ದಿಕ್ಸೂಚಿಯ ಬಗ್ಗೆ ಐನ್‌ಸ್ಟೈನ್ ಬರೆದದ್ದು ಅರವತ್ತೇಳನೆಯ ವಯಸ್ಸಿನಲ್ಲಿ. ಅದು ಮನಸ್ಸಿನಲ್ಲಿ ಆಳವಾಗಿ ಉಳಿಯಿತು ಎನ್ನುವಾಗಲೂ, ನೆನಪಿದೆ ಎಂದವನೇ, ನೆನಪಿದೆಯೆಂದು ನಂಬಿದ್ದೇನೆ ಎಂದು ತಿದ್ದಿಕೊಂಡ. ಆ ತಿದ್ದುಪಡಿಯನ್ನು ಕೈಬಿಟ್ಟು ದಿಕ್ಸೂಚಿಯನ್ನಷ್ಟೇ ಎಲ್ಲರೂ ಎತ್ತಿಕೊಂಡರು. ನನಗೆ ಇವೆಲ್ಲಕ್ಕಿಂತ ಗಾಂಧಿಯ ನೆನಪು ಇಷ್ಟ. ಪೋರಬಂದರಿನ ಶಾಲೆಯ ದಿನಗಳಿಂದ ಅವರಿಗೆ ಉಳಿದದ್ದು ಮಗ್ಗಿ ಕಲಿಯಲು ಪಟ್ಟ ಪಾಡು ಮತ್ತು ಉಳಿದ ಹುಡುಗರ ಜೊತೆ ಸೇರಿ ಮೇಷ್ಟರನ್ನು ಬೈಯಲು ಕಲಿತದ್ದು. ಸತ್ಯದ ಹಾದಿಯ ಮುನ್ಸೂಚನೆ ಅದರಲ್ಲಿ ಎಳ್ಳಷ್ಟೂ ಇಲ್ಲ. ಆದ್ದರಿಂದಲೇ ನಂಬಬೇಕೆನಿಸುತ್ತದೆ.

‘ಮೊದಲ ಅನುಭವ’ದ ಮಾತು ಬೇರೆ. ಮೊದಲ ವೇದಿಕೆ, ಮೊದಲ ಸಂಬಳ, ಮೊದಲ ಸೋಲು ಇವಕ್ಕೆಲ್ಲ ಕಂಡವರು ಇರುತ್ತಾರೆ, ಕಾಗದಪತ್ರ ಇರುತ್ತದೆ. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್ ಕೈಮೇಲೆ ನೀರು ಸುರಿಯುತ್ತಿದ್ದಾಗ ಇನ್ನೊಂದು ಕೈಯಲ್ಲಿ ಬರೆದ ಅಕ್ಷರಗಳ ಅರ್ಥ ಹೊಳೆದ ಗಳಿಗೆಯನ್ನು ಆಕೆ ತನ್ನ 1903ರ ಆತ್ಮಕಥೆಯಲ್ಲಿ ಬಣ್ಣಿಸಿದ್ದಾಳೆ. ಆಗ ಆಕೆಗೆ ಏಳು ತುಂಬಿರಲಿಲ್ಲ. ಆದರೆ ಶಿಕ್ಷಕಿ ಆ್ಯನ್ ಸಲಿವನ್ 1887ರ ಏಪ್ರಿಲ್ 5ರಂದೇ ಅದನ್ನು ಕಾಗದದಲ್ಲಿ ಬರೆದಿಟ್ಟಿದ್ದಳು. ಇಂಥ ಜೊತೆಸಾಕ್ಷಿ ಸಿಗುವುದು ಅಪರೂಪ.

ಅಂಕಣ ನಿಲ್ಲುವುದಿಲ್ಲ. ತಾನು ಆರು ವಾರದ ಕೂಸಾಗಿದ್ದಾಗ ಅಜ್ಜನಿಗೆ ವಿಸ್ಕಿ ಕುಡಿಯಲು ನೆರವಾದ ನೆನಪಿದೆ ಎಂದು ಬಹಳ ವರ್ಷ ನಂಬಿದ್ದೆ ಎಂದು ಮಾರ್ಕ್ ಟ್ವೈನ್ ನಗುತ್ತಾ ಹೇಳಿಕೊಂಡಿದ್ದಾನೆ. ಅಂಥದ್ದನ್ನು ಬಿಡುವಷ್ಟು ಅರಸಿಕ ನಾನಲ್ಲ. ಆದರೆ ಮುಂದಿನ ಸಂಚಿಕೆಯಿಂದ ಪ್ರತಿ ಅತಿಥಿಗೂ ಎರಡು ಪ್ರಶ್ನೆ ಕೇಳಲಿದ್ದೇವೆ: ಇದನ್ನು ನೀವು ಮೊದಲು ಯಾರಿಗೆ, ಯಾವಾಗ ಹೇಳಿದಿರಿ? ಆಗ ಅಲ್ಲಿದ್ದವರು ಇದನ್ನು ಹೇಗೆ ಹೇಳುತ್ತಾರೆ? ಉತ್ತರ ಕೊಡದವರ ನೆನಪನ್ನೂ ಪ್ರಕಟಿಸುತ್ತೇವೆ, ಉತ್ತರ ಬರಲಿಲ್ಲ ಎಂಬ ಸಾಲಿನ ಸಮೇತ.