ಅಮ್ಮ, ಮಕ್ಕಳ ಜೊತೆ ಒಂದೂವರೆ ದಿನ ಮಡಿಕೇರಿ

ಮಂಡಿನೋವಿರುವ ಅಮ್ಮ, ಇಬ್ಬರು ಚಿಕ್ಕ ಮಕ್ಕಳು, ನವೆಂಬರಿನಲ್ಲಿ ಒಂದೂವರೆ ದಿನ, ಅಬ್ಬಿ ಫಾಲ್ಸ್ ಬಿಟ್ಟು ಏನು ನೋಡಬಹುದು, ತಲಕಾವೇರಿ ಆಗುತ್ತಾ ಅಂತ ಕೇಳಿದ್ದೀರಿ. ಅಬ್ಬಿ ಬಿಟ್ಟಿದ್ದು ಒಳ್ಳೆಯದೇ ಆಯ್ತು. ಅಲ್ಲಿ ಇಳಿಯೋದು ಸುಲಭ, ವಾಪಸ್ ಹತ್ತುವಾಗ ಅಮ್ಮನವರಿಗೆ ಕಷ್ಟ.

ಮೊದಲ ಅರ್ಧ ದಿನ ಊರೊಳಗೇ ಇರಿ. ಕೋಟೆಯಲ್ಲಿರುವ ಗಾರೆಯ ಎರಡು ಆನೆಗಳು ನಿಜವಾದ ಆನೆಯಷ್ಟೇ ದೊಡ್ಡವು, ಮಕ್ಕಳು ಬಿಟ್ಟು ಬರಲ್ಲ. ಅಲ್ಲಿಂದ ಕೆಳಗೆ ಓಂಕಾರೇಶ್ವರ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು. ಶಿವನ ಗುಡಿಯಾದರೂ ಮೇಲೆ ಮಸೀದಿಯಂಥ ಗುಮ್ಮಟ, ನಾಲ್ಕು ಮೂಲೆಗೂ ಚಿಕ್ಕ ಮಿನಾರು, ಮುಂದೆ ಮೀನು ತುಂಬಿದ ಕೊಳ. ಮಕ್ಕಳಿಗೆ ಸೇನೆ ಇಷ್ಟವಿದ್ದರೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ ಆಗಿದೆ, ಅದನ್ನೂ ಸೇರಿಸಿಕೊಳ್ಳಿ. ಬೆಟ್ಟ ಕಣಿವೆ ನೋಡುವ ರಾಜಾಸೀಟಿಗೆ ಸಂಜೆ ಬದಲು ಬೆಳಗ್ಗೆ ಹೋಗಿ. ಮಂಜೂ ಸಿಗುತ್ತೆ, ಪಾರ್ಕಿಂಗೂ ಸಿಗುತ್ತೆ.

ಮರುದಿನ ಭಾಗಮಂಡಲ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗ. ಭಗಂಡೇಶ್ವರ ದೇವಸ್ಥಾನ ಕೇರಳದ ಶೈಲಿಯದು, ಸಮತಟ್ಟಾಗಿದೆ. ತಲಕಾವೇರಿ ಅಲ್ಲಿಂದ ಸುಮಾರು 8 ಕಿ.ಮೀ. ಕಾವೇರಿ ಹುಟ್ಟುವ ಚಿಕ್ಕ ಕೊಳ, ಅಂದರೆ ಕುಂಡಿಕೆಯವರೆಗಿನ ಮೆಟ್ಟಿಲು ನಿಧಾನಕ್ಕೆ ಹತ್ತಬಹುದು, ಪಕ್ಕದ ಬ್ರಹ್ಮಗಿರಿ ಬೆಟ್ಟ ಮಾತ್ರ ಅಮ್ಮನಿಗೆ ಬೇಡ. ಕಾವೇರಿ ತೀರ್ಥೋದ್ಭವದ ದಿನವಾದ ತುಲಾ ಸಂಕ್ರಮಣದ ನೂಕುನುಗ್ಗಲು ಅಕ್ಟೋಬರಿನಲ್ಲೇ ಮುಗಿದಿರುತ್ತೆ.

ನನ್ನನ್ನು ಕೇಳಿದರೆ, ಒಂದೇ ಜಾಗ ಅಂದರೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಮರದ ಕಂಬ, ಗೋಡೆ ಚಿತ್ರ, ಗದ್ದಲವೂ ಕಡಿಮೆ. ಆದರೆ ಭಾಗಮಂಡಲದ ದಿನವೇ ಇದನ್ನೂ ತುರುಕಬೇಡಿ, ತಿರುವಿನ ರಸ್ತೆ, ಮಕ್ಕಳು ವಾಂತಿ ಮಾಡಿಕೊಳ್ತಾರೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ಸ್ವೆಟರ್ ತನ್ನಿ.