ಸಂಪಾದಕರ ಉತ್ತರ: ಅಲನ್ ಪೇಜ್ ಬರೀ ದುಡ್ಡು ಕೊಟ್ಟು ಸುಮ್ಮನಾಗಲಿಲ್ಲ

(ಹೋದ ಸಂಚಿಕೆಯಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ, ಮುಂದೆ ನ್ಯಾಯಮೂರ್ತಿಯಾದ ಅಲನ್ ಪೇಜ್ ಬಗ್ಗೆ ಬಂದ ಪುಟ್ಟ ಟಿಪ್ಪಣಿ ಓದಿ ಹಾಸನದ ಕಡೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಬರೆದಿದ್ದಾರೆ. "ಫುಟ್‌ಬಾಲ್ ಲೈನ್‌ಮನ್ ಅಂದರೆ ಏನು ಮಾಡುವವನು ಅಂತ ನೀವು ಹೇಳಲೇ ಇಲ್ಲ. ದೊಡ್ಡ ಆಟಗಾರರು ರಿಟೈರ್ ಆದ ಮೇಲೆ ಒಂದು ಟ್ರಸ್ಟ್ ಮಾಡಿ ಫೋಟೋ ತೆಗೆಸಿಕೊಳ್ಳುವುದು ಎಲ್ಲ ಕಡೆ ಇದೆ, ಇವರದ್ದೇನು ವಿಶೇಷ? ನಮ್ಮ ಹಳೆ ವಿದ್ಯಾರ್ಥಿಗಳ ಸಂಘದವರೂ ಸ್ಕಾಲರ್‌ಶಿಪ್ ಕೊಡಬೇಕು ಅಂತಿದ್ದಾರೆ, ಅದಕ್ಕೇ ಕೇಳಿದೆ.")

ಮೇಷ್ಟ್ರೇ, ನಮಸ್ಕಾರ.

ಮೊದಲು ಆಟದ ವಿಷಯ. ಇದು ನಮ್ಮಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕದವರದ್ದು. ಪ್ರತಿ ಸಲ ಆಟ ಶುರುವಾಗುವಾಗ ಎರಡೂ ತಂಡದ ದಢೂತಿ ಆಳುಗಳು ಎದುರುಬದುರು ಬಗ್ಗಿ ಸಾಲಾಗಿ ನಿಲ್ಲುತ್ತಾರಲ್ಲ, ಅವರೇ ಲೈನ್‌ಮನ್‌ಗಳು. ಚೆಂಡಿರುವ ತಂಡದ ಸಾಲು ತನ್ನ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ಕಾಯುತ್ತದೆ. ಎದುರಿನ ಸಾಲು ಅದನ್ನು ಒಡೆದು ನುಗ್ಗಿ ಅವನನ್ನು ಕೆಡವಬೇಕು. ಪೇಜ್ ನುಗ್ಗುವ ಸಾಲಿನವರು. ಕಬಡ್ಡಿಯಲ್ಲಿ ರೈಡರ್ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಅವನ ಕಾಲು ಹಿಡಿದವನ ಹೆಸರು ಯಾರಿಗೂ ನೆನಪಿರಲ್ಲ, ಇಲ್ಲೂ ಹಾಗೇ. ಅಂಥದ್ದರಲ್ಲಿ 1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೊಡುವ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಪೇಜ್‌ಗೆ ಬಂತು. ಚೆಂಡು ತಡೆಯುವ ಕಡೆಯವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

1967ರಿಂದ 1978ರವರೆಗೆ ಮಿನೆಸೋಟಾ ವೈಕಿಂಗ್ಸ್ ತಂಡ, ಆಮೇಲೆ 1981ರವರೆಗೆ ಶಿಕಾಗೋ ಬೇರ್ಸ್ ತಂಡ. ಲೀಗಿನ ಫೈನಲ್ ಆದ ಸೂಪರ್ ಬೌಲ್ ನಾಲ್ಕು ಸಲ ಆಡಿದರು, ನಾಲ್ಕರಲ್ಲೂ ಸೋತರು. ಆದರೆ ಹದಿನೈದು ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಮೈಗೆ ಮೈ ಡಿಕ್ಕಿ ಹೊಡೆಯುವುದೇ ಕೆಲಸವಾಗಿರುವ ಜಾಗದಲ್ಲಿ ಇದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮ ಎರಡನೇ ಮಾತಿಗೆ ಬರ್ತೀನಿ. ಅದನ್ನು ನಾನು ಒಪ್ಪುವುದಿಲ್ಲ. ಬೇರೆಯವರ ವಿಷಯದಲ್ಲಿ ನಿಜ ಇರಬಹುದು, ಪೇಜ್ ವಿಷಯದಲ್ಲಿ ಅಲ್ಲ. ಯಾಕೆಂದರೆ ಓದಿನ ಬಗ್ಗೆ ಅವರ ಕಾಳಜಿ ರಿಟೈರ್ ಆದ ಮೇಲೆ ಶುರುವಾದದ್ದಲ್ಲ. ವೈಕಿಂಗ್ಸ್‌ಗೆ ಆಡುತ್ತಿರುವಾಗಲೇ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. ಅದೇ ವರ್ಷ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ದೂರದ ಓಟದ ಹವ್ಯಾಸ ಹತ್ತಿ ಅವರ ತೂಕ ಇಳಿದಿತ್ತು, ಇನ್ನು ಲೈನ್‌ನಲ್ಲಿ ನಿಲ್ಲಲು ಆಗಲ್ಲ ಅನ್ನುವುದು ತಂಡದವರ ಲೆಕ್ಕ. ಪೇಜ್ ಶಿಕಾಗೋಗೆ ಹೋಗಿ ಮೂರು ವರ್ಷಕ್ಕೂ ಜಾಸ್ತಿ ಆಡಿದರು. ನಡುವೆ 1979ರಲ್ಲಿ ಡುಲೂತ್‌ನಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇನ್ನೂ ಆಡುತ್ತಿದ್ದವರಲ್ಲಿ ಅದನ್ನು ಮಾಡಿದ ಮೊದಲಿಗರು ಅವರೇ.

ಇಷ್ಟಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಒಂದು ಸಣ್ಣ ಘಟನೆ. ಅದನ್ನು ಪೇಜ್ ಅವರೇ ಹೇಳಿದ್ದಾರೆ. ಲೈನ್‌ಮನ್‌ಗಳ ಮೀಟಿಂಗ್ ನಡೀತಿದೆ. ಕೋಚ್ ಒಬ್ಬೊಬ್ಬರಿಗೂ ಆಟದ ತಂತ್ರ ಬರೆದಿಟ್ಟ ಪುಸ್ತಕವನ್ನು ಜೋರಾಗಿ ಓದಿ ಅಂದರಂತೆ. ಕೆಲವರು ಸಲೀಸಾಗಿ ಓದಿದರು, ಕೆಲವರು ಒಂದೊಂದು ಪದಕ್ಕೂ ತಡವರಿಸಿದರು. ಕಾಲೇಜು ದಾಟಿ ಬಂದವರು! ಚೆನ್ನಾಗಿ ಆಡ್ತಾನಲ್ಲ ಅಂತ ಸ್ಕೂಲಿನಿಂದ ಕಾಲೇಜಿನವರೆಗೆ ಎಲ್ಲರೂ ಪಾಸು ಮಾಡಿ ಮುಂದೆ ತಳ್ಳಿದ್ದರು, ಓದಲು ಬರುತ್ತಾ ಅಂತ ಒಬ್ಬರೂ ನಿಂತು ನೋಡಿರಲಿಲ್ಲ. ನೀವು ಇಷ್ಟು ವರ್ಷ ಮೈದಾನದಲ್ಲಿ ಮಕ್ಕಳ ಜೊತೆ ಇದ್ದವರು, ಇಂಥದ್ದು ನಮ್ಮಲ್ಲಿ ಎಷ್ಟಿದೆ ಅಂತ ನನಗಿಂತ ಚೆನ್ನಾಗಿ ಬಲ್ಲಿರಿ ಅಲ್ವಾ?

1988ರಲ್ಲಿ ಪೇಜ್ ಹೆಸರು ಓಹಾಯೋದ ಕ್ಯಾಂಟನ್‌ನಲ್ಲಿರುವ ಫುಟ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ದೊಡ್ಡ ಆಟಗಾರರನ್ನು ಗೌರವಿಸುವ ಭವನ, ಸೇರಿತು. ಕ್ಯಾಂಟನ್ ಅವರು ಹುಟ್ಟಿದ ಊರು. ಹುಡುಗನಾಗಿದ್ದಾಗ ಅದೇ ಕಟ್ಟಡ ಕಟ್ಟುವ ಕೆಲಸಕ್ಕೆ ಕೂಲಿಗೆ ಹೋಗಿದ್ದರು. ಅಂಥ ದಿನ ತಮ್ಮನ್ನು ಸಭೆಗೆ ಪರಿಚಯಿಸಲು ಹಲವರು ಹಳೆ ಕೋಚನ್ನು ಕರೆಯುತ್ತಾರೆ. ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ಒಬ್ಬ ಶಾಲಾ ಮುಖ್ಯೋಪಾಧ್ಯಾಯಿನಿಯನ್ನು. ಭಾಷಣದಲ್ಲೂ ಮಾತಾಡಿದ್ದು ಮಕ್ಕಳ ಓದಿನ ಬಗ್ಗೆ.

ಅದೇ ವರ್ಷ ಹೆಂಡತಿ ಡಯೇನ್ ಜೊತೆ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಮಿನೆಸೋಟಾದ ಕಪ್ಪು ಜನರ ಮತ್ತು ಬಿಳಿಯರಲ್ಲದ ಇತರ ಸಮುದಾಯಗಳ ಮಕ್ಕಳಿಗೆ ಮುಂದೆ ಓದಲು ಅದು ದುಡ್ಡು ಕೊಡುತ್ತದೆ. ಜೊತೆಗೆ ಒಂದು ಷರತ್ತು. ದುಡ್ಡು ಪಡೆದವರು ವರ್ಷಕ್ಕೆ ಕಡಿಮೆಯೆಂದರೆ 50 ಗಂಟೆ ತಮಗಿಂತ ಚಿಕ್ಕ ಮಕ್ಕಳ ಜೊತೆ ಕೂತು ಓದು, ಲೆಕ್ಕ ಹೇಳಿಕೊಡಬೇಕು. ನೀವು ಕೇಳಿದ ವಿಶೇಷ ಇದೇ ಮೇಷ್ಟ್ರೇ. ಚೆಕ್ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ತನ್ನ ಹಾಗೇ ಕಾಣುವ, ತನ್ನ ಬೀದಿಯದೇ ಆದ ಅಣ್ಣನೋ ಅಕ್ಕನೋ ಕಾಲೇಜಿಗೆ ಹೋಗ್ತಿದ್ದಾರೆ, ನನ್ನ ಪಕ್ಕ ಕೂತು ಕಾಗುಣಿತ ತಿದ್ದುತ್ತಿದ್ದಾರೆ ಅಂದರೆ ಮೂರನೇ ಕ್ಲಾಸಿನ ಮಗುವಿಗೆ ಅದೆಷ್ಟು ದೊಡ್ಡ ಧೈರ್ಯ!

ಕೋರ್ಟಿನ ಕಥೆ ಚಿಕ್ಕದಾಗಿ ಹೇಳ್ತೀನಿ. ಮಿನೆಸೋಟಾದಲ್ಲಿ ನ್ಯಾಯಮೂರ್ತಿಗಳನ್ನು ಜನ ಓಟು ಹಾಕಿ ಆರಿಸುತ್ತಾರೆ. 1992ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿಗೆ ಚುನಾವಣೆಗೆ ನಿಲ್ಲಲು ಹೊರಟಾಗ ಗವರ್ನರ್ ಆ ಜಾಗದ ನ್ಯಾಯಮೂರ್ತಿಯ ಅವಧಿಯನ್ನೇ ವಿಸ್ತರಿಸಿದರು, ಚುನಾವಣೆಯೇ ನಡೆಯದ ಹಾಗಾಯಿತು. ಪೇಜ್ ದಾವೆ ಹೂಡಿ ಗೆದ್ದರು, ಚುನಾವಣೆಯನ್ನೂ ಗೆದ್ದರು. ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. 2015ರಲ್ಲಿ 70 ತುಂಬಿ ನಿಯಮದಂತೆ ಇಳಿಯುವವರೆಗೂ ಜನ ಅವರನ್ನು ಮತ್ತೆ ಮತ್ತೆ ಆರಿಸಿದರು. 2018ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಬಂತು. ಅದನ್ನು ನೋಡಲು ಡಯೇನ್ ಇರಲಿಲ್ಲ, ಕೆಲವೇ ವಾರ ಮುಂಚೆ ತೀರಿಕೊಂಡಿದ್ದರು. ಮಿನಿಯಾಪೊಲಿಸ್‌ನ ಒಂದು ಮಾಧ್ಯಮಿಕ ಶಾಲೆಗೆ ಈಗ ಪೇಜ್ ಹೆಸರೇ ಇದೆ.

ಇನ್ನು ನಿಮ್ಮ ಸಂಘದ ವಿಷಯ. ಸ್ಕಾಲರ್‌ಶಿಪ್ ಖಂಡಿತ ಕೊಡಿ, ಆದರೆ ಆ ಗಂಟೆಗಳ ಷರತ್ತನ್ನು ಬಿಡಬೇಡಿ. 50 ಜಾಸ್ತಿ ಅನ್ನಿಸಿದರೆ 20 ಇಡಿ. ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿ ಶನಿವಾರ ಒಂದು ರೂಮು ಕೇಳಿ. ಅರ್ಜಿಯಲ್ಲಿ ಮಾರ್ಕ್ಸ್ ಕಾಲಮ್ಮಿನ ಕೆಳಗೇ "ಯಾವ ಕ್ಲಾಸಿನ ಮಕ್ಕಳಿಗೆ, ಯಾವ ವಿಷಯ ಹೇಳಿಕೊಡುತ್ತೀರಿ?" ಅಂತ ಇನ್ನೊಂದು ಕಾಲಂ ಹಾಕಿ. ಕಬಡ್ಡಿ ಆಡುವ ಹುಡುಗರಿಗೂ ಅರ್ಜಿ ಕೊಡಿ, ಅವರನ್ನು ಬಿಡಬೇಡಿ. ಮೊದಲ ವರ್ಷ ಹೇಗಾಯಿತು ಅಂತ ಬರೆದು ಕಳಿಸಿ, ಪುಟ ಕೊಡುವ ಜವಾಬ್ದಾರಿ ನನ್ನದು.

ಸಂಪಾದಕ