ಚಿಕನ್‌ಪಾಕ್ಸ್ ಮದುವೆಯಲ್ಲಿ ಅಂಟಿದ್ದಲ್ಲ

ಮಗಳಿಗೆ 24ಕ್ಕೆ ಗುಳ್ಳೆ ಎದ್ದಿದೆ, 21ರ ಕುಂದಾಪುರದ ಮದುವೆಯಲ್ಲಿ ಅಂಟಿತಾ ಅಂತ ಕೇಳಿದ್ದೀರಿ. ಇಲ್ಲ, ನೆಂಟರನ್ನು ಸುಮ್ನೆ ದೂರಬೇಡಿ! ಚಿಕನ್‌ಪಾಕ್ಸ್ ಅಂಟಿ ಗುಳ್ಳೆ ಏಳಲು 10ರಿಂದ 21 ದಿನ ಬೇಕು, ಸಾಮಾನ್ಯವಾಗಿ 14–16. ಹಿಂದಕ್ಕೆ ಎಣಿಸಿದರೆ 3ರಿಂದ 14ರ ಒಳಗೆ ಅಂಟಿರಬೇಕು. ಮಣಿಪಾಲದ ಟ್ಯೂಷನ್ ಹುಡುಗನಿಗೆ 10ಕ್ಕೆ ಗುಳ್ಳೆ ಎದ್ದು, ಆಮೇಲೆ ಅವನು ಬರಲಿಲ್ಲ ಅಂದಿದ್ದೀರಲ್ವಾ? ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಇದು ಹರಡುತ್ತದೆ. ಹಾಗಾಗಿ 8 ಅಥವಾ 9ಕ್ಕೆ ಅವನ ಪಕ್ಕ ಕೂತಾಗಲೇ ಅಂಟಿರುವ ಸಾಧ್ಯತೆ ಜಾಸ್ತಿ. ಶಾಲೆಯಲ್ಲೂ ಒಮ್ಮೆ ವಿಚಾರಿಸಿ. ಅದಕ್ಕಿಂತ ತುರ್ತಿನ ಕೆಲಸ, 22ರಿಂದ ಮಗಳು ಯಾರ ಜೊತೆ ಇದ್ದಳು ನೋಡುವುದು. ಅವರಲ್ಲಿ ಬಸುರಿಯರಿದ್ದು, ಹಿಂದೆ ಚಿಕನ್‌ಪಾಕ್ಸ್ ಬಂದಿರದಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಲು ಹೇಳಿ.